ಕತ್ತರಿಯಿಂದ ಕಡತದವರೆಗೆ



ಮದುವೆ, ಉಪನಯನ, ಗೃಹಪ್ರವೇಶಗಳು ಮುಗಿದ ಮೇಲೆ ಇಂದು ಅನೇಕ ಮನೆಗಳಿಗೆ ಬಂದು ಸೇರುವುದು ಅಂಗೈಯಗಲದ ಒಂದು ಹಾರ್ಡ್ ಡಿಸ್ಕ್. ಅದರೊಳಗೆ ಗಂಟೆಗಟ್ಟಲೆ ವಿಡಿಯೊ ಕಡತಗಳು. ಮನೆಯ ಮಕ್ಕಳು ಅದನ್ನು ಗಣಕಯಂತ್ರಕ್ಕೆ ಜೋಡಿಸಿ, ಸಂಕಲನದ ತಂತ್ರಾಂಶದಲ್ಲಿ ತೆರೆದು, ಬೇಡವಾದುದನ್ನು ಬಿಟ್ಟು ಬೇಕಾದುದನ್ನು ಹೊಂದಿಸುತ್ತಾರೆ. ಕೆಲಸ ಆಯಿತೆಂದು ಡಿಸ್ಕನ್ನು ಕಳಚಿದೊಡನೆ ಪರದೆಯ ಮೇಲಿನ ಚಿತ್ರಗಳು ಮಾಯವಾಗಿ, ಕಡತ ಸಿಗುತ್ತಿಲ್ಲವೆಂಬ ಸೂಚನೆ ಮೂಡುತ್ತದೆ. ಏಕೆ ಹೀಗೆ? ಇದರ ಉತ್ತರವನ್ನು ಇತಿಹಾಸದಲ್ಲಿ ಹುಡುಕಬೇಕು.

ಫಿಲ್ಮಿನ ಕಾಲದಲ್ಲಿ ಸಂಕಲನಕಾರನ ಉಪಕರಣಗಳು ಕತ್ತರಿ ಮತ್ತು ಅಂಟು. ಆದರೆ ಆತನು ದಿನವೂ ಕತ್ತರಿಸುತ್ತಿದ್ದುದು ಮೂಲ ನೆಗೆಟಿವ್ ಅನ್ನಲ್ಲ. ಅದರಿಂದ ಮುದ್ರಿಸಿದ ಪ್ರತಿಯನ್ನು. 1924ರಲ್ಲಿ ಐವನ್ ಸೆರೂರಿಯೆ ಎಂಬ ಎಂಜಿನಿಯರನ ‘ಮೂವಿಯೋಲಾ’ ಯಂತ್ರ ಹಾಲಿವುಡ್ಡಿನ ಸಂಕಲನ ಕೊಠಡಿಗೆ ಬಂದಾಗ, ಆ ಪ್ರತಿಯನ್ನು ಓಡಿಸಿ ನೋಡುತ್ತಲೇ ಕತ್ತರಿಸುವ ಅನುಕೂಲ ಒದಗಿತು. ಮೂಲ ನೆಗೆಟಿವ್ ಮಾತ್ರ ಭದ್ರವಾಗಿ ಬೇರೆಡೆ ಇರುತ್ತಿತ್ತು. ಫಿಲ್ಮಿನ ಅಂಚಿನಲ್ಲಿ ಅಚ್ಚಾಗಿರುತ್ತಿದ್ದ ಸಂಖ್ಯೆಗಳನ್ನು ತಾಳೆ ನೋಡಿ, ಎಲ್ಲ ತೀರ್ಮಾನಗಳೂ ಆದ ಮೇಲೆ ಕೊನೆಗೊಮ್ಮೆ ಅದಕ್ಕೆ ಕತ್ತರಿ ತಾಗಿಸುತ್ತಿದ್ದರು.

1956ರಲ್ಲಿ ಆಂಪೆಕ್ಸ್ ಸಂಸ್ಥೆ ಷಿಕಾಗೋ ನಗರದಲ್ಲಿ ವಿಡಿಯೊ ಟೇಪ್ ಯಂತ್ರವನ್ನು ಪ್ರದರ್ಶಿಸಿತು. ಎರಡು ಅಂಗುಲ ಅಗಲದ ಆ ಟೇಪನ್ನು ಬೆಳಕಿಗೆ ಹಿಡಿದರೆ ಚಿತ್ರ ಕಾಣುತ್ತಿರಲಿಲ್ಲ. ಕಬ್ಬಿಣದ ನುಣ್ಣನೆಯ ಪುಡಿ ಬೆರೆತ ದ್ರವವನ್ನು ಹಚ್ಚಿ, ಮೂಡಿದ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಬ್ಲೇಡಿನಿಂದ ಕತ್ತರಿಸಬೇಕಾಗಿತ್ತು. ಮುಂದೆ, ಪ್ರತಿ ಚಿತ್ರಕ್ಕೂ ಗಂಟೆ, ನಿಮಿಷ, ಸೆಕೆಂಡುಗಳ ಗುರುತು ಕೊಡುವ ‘ಟೈಮ್ ಕೋಡ್’ ಬಂದಿತು. 1971ರಲ್ಲಿ ಸಿಎಂಎಕ್ಸ್ 600 ಎಂಬ ವ್ಯವಸ್ಥೆ ಗಣಕಯಂತ್ರದ ಡಿಸ್ಕುಗಳಲ್ಲಿ ಸುಮಾರು ಅರ್ಧ ಗಂಟೆಯ ಕಪ್ಪು-ಬಿಳುಪು ಚಿತ್ರಗಳನ್ನು ಇರಿಸಿಕೊಂಡು ಸಂಕಲನವನ್ನು ಸಾಧ್ಯವಾಗಿಸಿತು. ಅದು ಕೊನೆಗೆ ಕೊಡುತ್ತಿದ್ದುದು ಚಿತ್ರವನ್ನಲ್ಲ, ಒಂದು ಪಟ್ಟಿಯನ್ನು: ಯಾವ ಟೇಪಿನ ಎಲ್ಲಿಂದ ಎಲ್ಲಿಯವರೆಗೆ ಬೇಕು ಎಂಬ ಪಟ್ಟಿ. ಅದನ್ನನುಸರಿಸಿ ಮೂಲ ಟೇಪುಗಳಿಂದ ಕಾರ್ಯಕ್ರಮವನ್ನು ಜೋಡಿಸುತ್ತಿದ್ದರು.

1989ರಲ್ಲಿ ಆವಿಡ್ ಸಂಸ್ಥೆಯ ತಂತ್ರಾಂಶ ಬಂದಿತು. ಅದರಲ್ಲಿ ಸಂಕಲನಗೊಂಡ ‘ದಿ ಇಂಗ್ಲಿಷ್ ಪೇಷೆಂಟ್’ ಚಿತ್ರಕ್ಕಾಗಿ ವಾಲ್ಟರ್ ಮರ್ಚ್ 1997ರಲ್ಲಿ ಆಸ್ಕರ್ ಪಡೆದರು. 1995ರಲ್ಲಿ ಬಂದ ಡಿವಿ ಟೇಪು ಈ ವಿದ್ಯೆಯನ್ನು ಮನೆಮನೆಗೂ ತಂದಿತು. ಒಂದು ಗಂಟೆಯ ಟೇಪನ್ನು ಗಣಕಯಂತ್ರಕ್ಕೆ ಇಳಿಸಲು ಒಂದು ಗಂಟೆಯೇ ಹಿಡಿಯುತ್ತಿತ್ತು. ಅದು 13 ಗಿಗಾಬೈಟ್ ಜಾಗವನ್ನೂ ಬೇಡುತ್ತಿತ್ತು. ಮೊದಲ ಯುಎಸ್‌ಬಿಯ ವೇಗ ಸೆಕೆಂಡಿಗೆ 12 ಮೆಗಾಬಿಟ್; ಡಿವಿ ಚಿತ್ರಕ್ಕೆ ಬೇಕಾದುದು 25. ಹೀಗಾಗಿ ಅಂತಹ ಡಿಸ್ಕಿನಿಂದ ನೇರವಾಗಿ ಸಂಕಲನ ಮಾಡುವುದು ಅಸಾಧ್ಯವಾಗಿತ್ತು. 2000ದಲ್ಲಿ ಬಂದ ಯುಎಸ್‌ಬಿ 2.0 ಈ ಮಿತಿಯನ್ನು 480ಕ್ಕೆ ಏರಿಸಿತು. ಬಳಿಕ ಕ್ಯಾಮೆರಾಗಳು ಟೇಪನ್ನೇ ಬಿಟ್ಟು ಕಾರ್ಡುಗಳಲ್ಲಿ ಕಡತಗಳನ್ನು ಬರೆಯತೊಡಗಿದವು.

ಇಷ್ಟೆಲ್ಲ ಬದಲಾದರೂ ಆ ಪಟ್ಟಿ ಮಾತ್ರ ಹಾಗೆಯೇ ಉಳಿದಿದೆ. ಸಾಮಾನ್ಯವಾಗಿ ಸಂಕಲನದ ತಂತ್ರಾಂಶ ನಿಮ್ಮ ವಿಡಿಯೊವನ್ನು ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ. ಅದು ಎಲ್ಲಿದೆ, ಅದರ ಯಾವ ಭಾಗ ಬೇಕು ಎಂಬುದನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ನೀವು ಉಳಿಸುವ ಯೋಜನಾ ಕಡತ ಗ್ರಂಥಾಲಯದ ಸೂಚಿಯಂತೆ. ಪುಸ್ತಕವಿರುವುದು ಕಪಾಟಿನಲ್ಲಿ, ಅಂದರೆ ಆ ಡಿಸ್ಕಿನಲ್ಲಿ. ಕಪಾಟನ್ನೇ ಹೊತ್ತೊಯ್ದರೆ ಸೂಚಿ ಏನು ಮಾಡೀತು?

ಆದುದರಿಂದ ಮೊದಲು ಕಡತಗಳನ್ನು ಗಣಕಯಂತ್ರದ ಒಳಗಿನ ಡಿಸ್ಕಿಗೆ ನಕಲಿಸಿ, ಅನಂತರ ಸಂಕಲನಕ್ಕೆ ತೊಡಗಿ. ಕ್ಯಾಮೆರಾ ರಚಿಸಿದ ಫೋಲ್ಡರುಗಳನ್ನು ಇದ್ದಂತೆಯೇ ಪೂರ್ತಿಯಾಗಿ ನಕಲಿಸಿ; ಹೆಸರು ಬದಲಿಸಬೇಡಿ. ಹಳೆಯ ಫ್ಯಾಟ್32 ವಿನ್ಯಾಸದಲ್ಲಿ ಒಂದು ಕಡತ 4 ಗಿಗಾಬೈಟ್ ಮೀರುವಂತಿಲ್ಲವಾದ್ದರಿಂದ, ದೀರ್ಘ ಚಿತ್ರಣವನ್ನು ಕ್ಯಾಮೆರಾವೇ ತುಂಡು ಮಾಡಿರುತ್ತದೆ. ಒಂದು ತುಂಡು ತಪ್ಪಿದರೆ ಮಾಂಗಲ್ಯಧಾರಣೆಯೇ ತಪ್ಪಬಹುದು. ಎರಡನೆಯ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇಡಿ.

ಈ ಕೊನೆಯ ಮಾತು ಅತಿ ಎಚ್ಚರಿಕೆಯೆನಿಸಿದರೆ 1998ರ ಒಂದು ಪ್ರಸಂಗವನ್ನು ನೆನೆಯಿರಿ. ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಚಿತ್ರದ ಕಡತಗಳ ಬಹುಭಾಗ ಒಂದು ತಪ್ಪು ಆಜ್ಞೆಯಿಂದ ಅಳಿಸಿಹೋಯಿತು. ಕಾಪಿಟ್ಟಿದ್ದ ಪ್ರತಿಯೂ ಸರಿಯಿರಲಿಲ್ಲ. ಮಗುವಿನ ಆರೈಕೆಗಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗೇಲಿನ್ ಸಸ್ಮನ್ ಅವರ ಮನೆಯ ಗಣಕಯಂತ್ರದಲ್ಲಿದ್ದ ಪ್ರತಿ ಆ ಚಿತ್ರವನ್ನು ಕಾಪಾಡಿತು.

ನಮ್ಮ ಮೊದಲ ಕನ್ನಡ ವಾಕ್ಚಿತ್ರಕ್ಕೆ ಆ ಭಾಗ್ಯವಿರಲಿಲ್ಲ. 1934ರಲ್ಲಿ ತೆರೆಕಂಡ ‘ಸತಿ ಸುಲೋಚನಾ’ದ ಪ್ರತಿ ಇಂದು ಲಭ್ಯವಿಲ್ಲ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬಾ ಅವರ ಹೆಸರುಗಳು ಪುಸ್ತಕಗಳಲ್ಲಿವೆ. ತೆರೆಯ ಮೇಲೆ ಅವರಾಡಿದ ಮಾತುಗಳನ್ನು ನಾವು ಕೇಳಲಾರೆವು.

ನಿಮ್ಮ ಮನೆಯ ಡಿಸ್ಕಿನಲ್ಲಿಯೂ ಅಜ್ಜಿಯ ಹಾಡೊಂದು, ತೀರಿಹೋದ ದೊಡ್ಡಪ್ಪನ ನಗುವೊಂದು ಇರಬಹುದು. ಸಂಕಲನ ಚೆನ್ನಾಗಿರದಿದ್ದರೆ ಮತ್ತೊಮ್ಮೆ ಮಾಡಬಹುದು. ಮೂಲವೇ ಹೋದರೆ ಯಾವ ತಂತ್ರಾಂಶವೂ ಅವರನ್ನು ಮತ್ತೆ ಹಾಡಿಸಲಾರದು, ನಗಿಸಲಾರದು. ಇಂದು ಸಂಜೆಯೇ ಇನ್ನೊಂದು ಪ್ರತಿ ಮಾಡಿಡಿ.