ಕಿತ್ತಳೆ ಟೋಪಿಯವರ ಸಂಘ

1977ರ ಮೇ 21, ಶನಿವಾರ. ಅಮೆರಿಕದ ಒಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ (ಎನ್‌ಆರ್‌ಎ) ವಾರ್ಷಿಕ ಮಹಾಸಭೆ. ಬಂದವರಲ್ಲಿ ಬಹಳ ಮಂದಿ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡಿದ್ದರು. ಕಾಡಿನಲ್ಲಿ ಬೇಟೆಗಾರರು ಒಬ್ಬರಿಗೊಬ್ಬರು ಎದ್ದು ಕಾಣಲಿ ಎಂದು ಹಾಕುವ ಟೋಪಿ ಅದು. ಕೆಲವರ ಕೈಯಲ್ಲಿ ವಾಕಿಟಾಕಿ. ಯಾರು ಯಾವ ಮೈಕಿನ ಮುಂದೆ ನಿಲ್ಲಬೇಕು, ಬೈಲಾದ ಯಾವ ಕಲಮು ಹಿಡಿದು ಏನು ಕೇಳಬೇಕು ಎಂಬುದು ಮೊದಲೇ ಹಂಚಿಕೆಯಾಗಿತ್ತು. ಸಭಾಂಗಣದಲ್ಲಿ ಸೆಕೆ. ಜನ ಬೇಸತ್ತು ಎದ್ದುಹೋಗಲಿ ಎಂದು ನಾಯಕರೇ ಏರ್ ಕಂಡೀಷನರ್ ಬಂದ್ ಮಾಡಿಸಿದ್ದಾರೆ ಎಂದು ಟೋಪಿಯವರು ಹೇಳಿಕೊಂಡರು. ಟೋಪಿಯವರು ಎದ್ದುಹೋಗಲಿಲ್ಲ. ಸಭೆ ಮುಗಿದಾಗ ಭಾನುವಾರದ ಬೆಳಗಿನ ಜಾವ. ಅಷ್ಟು ಹೊತ್ತಿಗೆ ಸಂಘದ ಹಳೆಯ ಆಡಳಿತ ಕೆಳಗಿಳಿದಿತ್ತು, ಹೊಸಬರು ಕುರ್ಚಿಯ ಮೇಲಿದ್ದರು. ಒಂದು ಗುಂಡು ಹಾರಿರಲಿಲ್ಲ, ಒಂದು ಕುರ್ಚಿ ಮುರಿದಿರಲಿಲ್ಲ. ನಿಯಮದ ಪುಸ್ತಕ ಇಟ್ಟುಕೊಂಡು, ಕೈಯೆತ್ತಿ ಮತ ಹಾಕಿ ಮಾಡಿದ ಕೆಲಸ.

ನಾನಿರುವುದು ಅದೇ ಸಿನ್ಸಿನಾಟಿಯ ಹೊರವಲಯದಲ್ಲಿ. ಹುಟ್ಟಿದ್ದು ಕೊಡಗಿನಲ್ಲಿ. ನಮ್ಮಲ್ಲಿ ಕೋವಿಯ ಹಕ್ಕು ಸರ್ಕಾರಿ ಆದೇಶದಿಂದ ಬಂದದ್ದು. ಬ್ರಿಟಿಷರ ಕಾಲದ, 1861ರ ಪರವಾನಗಿ ವಿನಾಯಿತಿ ಅದು. ಇವತ್ತಿಗೂ ಶಸ್ತ್ರಾಸ್ತ್ರ ಕಾಯ್ದೆಯಡಿ ಅದನ್ನು ಕಾಲಕಾಲಕ್ಕೆ ವಿಸ್ತರಿಸುತ್ತಾ ಬಂದಿದ್ದಾರೆ, ಈಗಿನದು 2029ರವರೆಗೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯನ್ನು ಒರೆಸಿ, ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ, ಕೈಮುಗಿದು ಹೊರಗೆ ತರುವ ಮನೆಯಲ್ಲಿ ಬೆಳೆದವನು ನಾನು. ಆ ಕೋವಿಗಾಗಿ ನಮ್ಮಜ್ಜ ಯಾವ ಸಂಘಕ್ಕೂ ಚಂದಾ ಕಟ್ಟಿದವರಲ್ಲ. ಹಾಗಾಗಿ ಇಲ್ಲಿಗೆ ಬಂದ ಮೇಲೆ, ಲಕ್ಷಾಂತರ ಸಾಮಾನ್ಯ ಜನ ಕೋವಿಯ ಹೆಸರಿನಲ್ಲಿ ಒಂದು ಸಂಘಕ್ಕೆ ವರ್ಷ ವರ್ಷ ದುಡ್ಡು ಕೊಡುತ್ತಾರೆ, ಅದರ ನಾಯಕರನ್ನು ಮನಸಾರೆ ನಂಬುತ್ತಾರೆ, ಮತ್ತೆ ಅಷ್ಟೇ ಮನಸಾರೆ ನೊಂದುಕೊಳ್ಳುತ್ತಾರೆ ಎಂಬುದು ನನಗೆ ಹೊಸತಾಗಿ ಕಂಡಿತು. ಎನ್‌ಆರ್‌ಎ ಎಂದರೆ ಹೊರಗಿನವರಿಗೆ ವಾಷಿಂಗ್ಟನ್ನಿನ ರಾಜಕೀಯ ಒಂದೇ. ನನ್ನ ಮಕ್ಕಳೂ, ಗುಂಡಿನ ದಾಳಿಯಾದರೆ ಇರಲಿ ಎಂದು, ಶಾಲೆಯಲ್ಲಿ ಬಾಗಿಲು ಹಾಕಿಕೊಂಡು ಬೆಂಚಿನಡಿ ಕೂರುವ ಅಭ್ಯಾಸ ಮಾಡಿದವರೇ. ಆ ರಾಜಕೀಯದ ಬಗ್ಗೆ ನನಗೆ ಹೇಳಬೇಕಾದ್ದು ಬೇಕಾದಷ್ಟಿದೆ. ಇಲ್ಲಿ ಬರೆಯುತ್ತಿರುವುದು ಅದರೊಳಗಿನ ಇನ್ನೊಂದು ಇತಿಹಾಸವನ್ನು, ಚಂದಾ ಕಟ್ಟಿದವರಿಗೂ ಕುರ್ಚಿಯಲ್ಲಿ ಕೂತವರಿಗೂ ನಡುವಿನ ಇತಿಹಾಸವನ್ನು.

ಸಂಘ ಹುಟ್ಟಿದ್ದು 1871ರ ನವೆಂಬರಿನಲ್ಲಿ, ನ್ಯೂಯಾರ್ಕ್ ರಾಜ್ಯದ ಕಾನೂನಿನಡಿ. ಈ ನ್ಯೂಯಾರ್ಕ್ ಎಂಬುದನ್ನು ನೆನಪಿಡಬೇಕು, ನೂರೈವತ್ತು ವರ್ಷದ ಮೇಲೆ ಅದು ಕೆಲಸಕ್ಕೆ ಬರುತ್ತದೆ. ಅಂತರ್ಯುದ್ಧದಲ್ಲಿ ಉತ್ತರದ ಪಡೆಯ ಸಿಪಾಯಿಗಳ ಗುರಿ ಎಷ್ಟು ಕಳಪೆಯೆಂದು ಕಣ್ಣಾರೆ ಕಂಡಿದ್ದ ಇಬ್ಬರು ಅಧಿಕಾರಿಗಳು, ವಿಲಿಯಂ ಚರ್ಚ್ ಮತ್ತು ಜಾರ್ಜ್ ವಿಂಗೇಟ್, ಗುರಿ ಕಲಿಸಲೆಂದು ಕಟ್ಟಿದ ಸಂಘ. ಲಾಂಗ್ ಐಲೆಂಡಿನ ಕ್ರೀಡ್‌ಮೂರಿನಲ್ಲಿ ಮೈದಾನ ಮಾಡಿದರು. 1874ರಲ್ಲಿ ಅಲ್ಲಿಗೆ ಬಂದ ಐರಿಷ್ ತಂಡವನ್ನು ಬರೀ ಮೂರು ಅಂಕಗಳಿಂದ ಸೋಲಿಸಿದಾಗ ದೇಶಕ್ಕೆಲ್ಲ ಸಂಘದ ಹೆಸರು ಗೊತ್ತಾಯಿತು. 1907ರಿಂದ ರಾಷ್ಟ್ರೀಯ ಪಂದ್ಯಗಳು ನಮ್ಮ ಒಹಾಯೋದ ಕ್ಯಾಂಪ್ ಪೆರಿಗೆ ಬಂದವು. ಈರಿ ಸರೋವರದ ದಡ, ಎಡೆಬಿಡದ ಗಾಳಿ. ಎರಡನೇ ಮಹಾಯುದ್ಧದ ಕೈದಿಗಳಿಗೆಂದು ಕಟ್ಟಿದ ಪುಟ್ಟ ಗುಡಿಸಲುಗಳಲ್ಲೇ ಪಂದ್ಯಕ್ಕೆ ಬಂದವರು ಎಷ್ಟೋ ವರ್ಷ ಉಳಿದುಕೊಂಡರು. ಟ್ರಕ್ ಓಡಿಸುವವರು, ಮೇಷ್ಟರುಗಳು, ರೈತರು, ನರ್ಸುಗಳು ಅಲ್ಲಿ ಸಾಲಾಗಿ ಬೋರಲು ಮಲಗಿ ಗುರಿ ಹಿಡಿಯುವುದನ್ನು ನೋಡಿದರೆ ಈ ಸಂಘದ ಮೂಲ ಜನ ಯಾರು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಆ ಕಾಲದ ನಾಯಕರು ಕಾನೂನಿಗೆ ಎದುರು ನಿಂತವರಲ್ಲ. 1934ರಲ್ಲಿ ಮೆಷಿನ್ ಗನ್‌ಗಳ ಮೇಲೆ 200 ಡಾಲರ್ ತೆರಿಗೆ ಹಾಕುವ ಕಾಯ್ದೆ ಬಂದಾಗ, ಅಂದಿನ ಅಧ್ಯಕ್ಷ ಕಾರ್ಲ್ ಫ್ರೆಡರಿಕ್, 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಪಿಸ್ತೂಲಿನಲ್ಲಿ ಚಿನ್ನ ಗೆದ್ದವರು, ಸಂಸತ್ತಿನ ಸಮಿತಿಯ ಮುಂದೆ ಕೂತು, ಸಿಕ್ಕಸಿಕ್ಕವರೆಲ್ಲ ಆಯುಧ ಹೊತ್ತು ತಿರುಗುವುದು ತನಗೆ ಒಪ್ಪಿಗೆಯಿಲ್ಲ ಎಂದರು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರನ್ನು ಕೊಂದ ರೈಫಲನ್ನು ಹಂತಕ ಆಸ್ವಾಲ್ಡ್ ತರಿಸಿಕೊಂಡದ್ದು ಸಂಘದ್ದೇ ಪತ್ರಿಕೆ ‘ಅಮೆರಿಕನ್ ರೈಫಲ್‌ಮನ್’ನಲ್ಲಿ ಬಂದಿದ್ದ ಜಾಹೀರಾತಿನ ಕೂಪನ್ ಕತ್ತರಿಸಿ ಕಳಿಸಿ; ದೂರದರ್ಶಕ ಸಮೇತ 19.95 ಡಾಲರ್, ಅಂಚೆ ಖರ್ಚು ಬೇರೆ. ಅಂಚೆಯಲ್ಲಿ ಕೋವಿ ಮಾರುವುದನ್ನು ನಿಲ್ಲಿಸಬೇಕು ಎಂಬ ಮಾತಿಗೆ ಆಗಿನ ಮುಖ್ಯ ಆಡಳಿತಗಾರ ಫ್ರಾಂಕ್ಲಿನ್ ಆರ್ಥ್ ತಲೆಯಾಡಿಸಿದರು. 1968ರ ಕೋವಿ ನಿಯಂತ್ರಣ ಕಾಯ್ದೆಯ ಜೊತೆ ಹೊಂದಿಕೊಂಡು ಹೋಗಬಹುದೆಂದೂ ಬರೆದರು. ನನ್ನ ಮಟ್ಟಿಗೆ ಅದು ವಿವೇಕದ ಮಾತೇ. ಸದಸ್ಯರ ಒಂದು ದೊಡ್ಡ ಪಾಲಿಗೆ ಮಾತ್ರ ಅದು ತಮ್ಮವರೇ ತಮ್ಮನ್ನು ಬಿಟ್ಟುಕೊಟ್ಟಂತೆ ಕಂಡಿತು. ಸಿಟ್ಟಿನ ಬೇರು ಅಲ್ಲಿದೆ.

1976ರಲ್ಲಿ ಅದು ಹೊರಗೆ ಬಂತು. ಮ್ಯಾಕ್ಸ್‌ವೆಲ್ ರಿಚ್ ಅವರ ಆಡಳಿತ ವಾಷಿಂಗ್ಟನ್ನಿನ ಮುಖ್ಯ ಕಚೇರಿಯನ್ನು ಮಾರಿ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಹೋಗಲು ಹೊರಟಿತು. ನ್ಯೂ ಮೆಕ್ಸಿಕೊದಲ್ಲಿ ಬೇಟೆ, ಶಿಬಿರ, ಪರಿಸರ ಎಂದು ದೊಡ್ಡದೊಂದು ಕೇಂದ್ರ ಕಟ್ಟುವ ಯೋಜನೆ. ಅದೇ ನವೆಂಬರಿನಲ್ಲಿ ಹತ್ತಾರು ನೌಕರರನ್ನು ಒಂದೇ ಏಟಿಗೆ ಮನೆಗೆ ಕಳಿಸಿದರು. ಹೋದವರಲ್ಲಿ ಬಹುಪಾಲು ಕೋವಿ ಹಕ್ಕಿನ ಪರ ಗಟ್ಟಿ ನಿಂತವರು. ಸಂಘದ ರಾಜಕೀಯ ವಿಭಾಗ ನೋಡಿಕೊಳ್ಳುತ್ತಿದ್ದ ಹಾರ್ಲನ್ ಕಾರ್ಟರ್ ತಾವಾಗಿಯೇ ರಾಜೀನಾಮೆ ಕೊಟ್ಟರು. ಕೋವಿ ಪತ್ರಿಕೆಗಳ ಸಂಪಾದಕ ನೀಲ್ ನಾಕ್ಸ್ ಸದಸ್ಯರಿಗೆ ಅವರದ್ದೇ ಬೈಲಾ ಓದಿಸಲು ಶುರು ಮಾಡಿದರು. ನಮ್ಮೂರ ಸಹಕಾರ ಸಂಘದ ಮಹಾಸಭೆಯಲ್ಲಿ, ವರ್ಷವಿಡೀ ಸುಮ್ಮನಿದ್ದ ಒಬ್ಬ ಹಿರಿಯರು ಎದ್ದು “ಜಮಾ ಖರ್ಚು ಓದಿ ಸ್ವಾಮಿ” ಎಂದಾಗ ವೇದಿಕೆಯ ಮೇಲಿದ್ದವರ ಮುಖ ಬದಲಾಗುವುದನ್ನು ನೀವು ನೋಡಿರಬಹುದು. ಸಿನ್ಸಿನಾಟಿಯಲ್ಲಿ ಆದದ್ದು ಅದೇ, ರಾತ್ರಿಯಿಡೀ.

ಕಾರ್ಟರ್ ಗೆದ್ದು ಮುಖ್ಯ ಆಡಳಿತಗಾರರಾದರು. ಕಚೇರಿ ವಾಷಿಂಗ್ಟನ್ನಿನಲ್ಲೇ ಉಳಿಯಿತು. ಮುಖ್ಯ ಆಡಳಿತಗಾರರಾದ ಕಾರ್ಯನಿರ್ವಾಹಕ ಉಪಾಧ್ಯಕ್ಷರನ್ನು ಇನ್ನು ಮುಂದೆ ಮಹಾಸಭೆಗೆ ಬಂದ ಸದಸ್ಯರೇ ಆರಿಸಬೇಕು ಎಂಬ ತಿದ್ದುಪಡಿಯೂ ಆ ರಾತ್ರಿ ಪಾಸಾಯಿತು. ನನ್ನ ಕಣ್ಣಿಗೆ ಆ ಇಡೀ ಸಭೆಯಲ್ಲಿ ಬೆಲೆಬಾಳುವ ಮಾತು ಇದೊಂದೇ. ಸುಮಾರು ಹತ್ತು ಲಕ್ಷವಿದ್ದ ಸದಸ್ಯತ್ವ ಎಂಟು ವರ್ಷಗಳಲ್ಲಿ ಮೂರು ಪಟ್ಟಾಯಿತು. ಕಾರ್ಟರ್ ಹದಿಹರೆಯದಲ್ಲಿ, 1931ರಲ್ಲಿ, ಟೆಕ್ಸಾಸಿನ ಲರೇಡೊದಲ್ಲಿ ರಾಮೋನ್ ಕಾಸಿಯಾನೊ ಎಂಬ 15ರ ಹುಡುಗನನ್ನು ಗುಂಡಿಟ್ಟು ಕೊಂದ ಸಂಗತಿ 1981ರಲ್ಲಿ ಪತ್ರಿಕೆಗಳಿಗೆ ಬಂತು. ಕೊಲೆಯ ತೀರ್ಪು ಮೇಲ್ಮನವಿಯಲ್ಲಿ ರದ್ದಾಗಿತ್ತು ನಿಜ. ಆದರೆ ಅಷ್ಟು ವರ್ಷ ಅದನ್ನು ಮುಚ್ಚಿಟ್ಟದ್ದೇಕೆ ಎಂದು ಸದಸ್ಯರು ಗಟ್ಟಿಯಾಗಿ ಕೇಳಲಿಲ್ಲ. ತಾವು ಗೆಲ್ಲಿಸಿದ ನಾಯಕನನ್ನು ಪ್ರಶ್ನಿಸದಿರುವ ಅಭ್ಯಾಸ ಅಲ್ಲಿಂದ ಬೇರುಬಿಟ್ಟಿತು ಎಂದೇ ನಾನು ನಂಬಿದ್ದೇನೆ.

ಮುಂದೆ ಕೆಲವೇ ವರ್ಷಗಳಲ್ಲಿ ಆ ತಿದ್ದುಪಡಿ ಹೋಯಿತು. ಮುಖ್ಯ ಆಡಳಿತಗಾರರನ್ನು ಆರಿಸುವ ಅಧಿಕಾರ ಮತ್ತೆ ನಿರ್ದೇಶಕ ಮಂಡಳಿಗೆ ಮರಳಿತು. ಮಂಡಳಿಯೋ, 76 ಜನರದ್ದು! ಅಷ್ಟು ದೊಡ್ಡ ಮಂಡಳಿಯಲ್ಲಿ ಎಲ್ಲರೂ ಎಲ್ಲ ಕಡತ ಓದುವುದು ಆಗದ ಮಾತು. ತೀರ್ಮಾನವೆಲ್ಲ ಒಳಗಿನ ಸಣ್ಣ ಸಮಿತಿಗಳಲ್ಲಿ. ಸಿನ್ಸಿನಾಟಿಯ ಗೆಲುವಿನ ನಂತರ ಸಂಘದ ಹುದ್ದೆಗೆ ಬಂದಿದ್ದ ನೀಲ್ ನಾಕ್ಸ್ ಅವರನ್ನೇ 1982ರಲ್ಲಿ ತೆಗೆದರು. 1991ರಲ್ಲಿ ವೇಯ್ನ್ ಲಪಿಯೇರ್ ಮುಖ್ಯ ಆಡಳಿತಗಾರರಾದರು. 1995ರಲ್ಲಿ ಸರ್ಕಾರಿ ಅಧಿಕಾರಿಗಳನ್ನು ಕೀಳಾಗಿ ಚಿತ್ರಿಸಿದ ಅವರ ಚಂದಾ ಕೇಳುವ ಪತ್ರವನ್ನು ಓದಿ, ದೇಶದ ಮಾಜಿ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ತಮ್ಮ ಆಜೀವ ಸದಸ್ಯತ್ವವನ್ನೇ ಬಿಟ್ಟರು. 1997ರಲ್ಲಿ ನಾಕ್ಸ್ ಲಪಿಯೇರ್ ಅವರಿಗೆ ಸವಾಲು ಹಾಕಿದಾಗ ನಟ ಚಾರ್ಲ್‌ಟನ್ ಹೆಸ್ಟನ್ ಅವರನ್ನು ಎದುರು ನಿಲ್ಲಿಸಿ, ಕೆಲವೇ ಮತಗಳಿಂದ ಸೋಲಿಸಿದರು.

ನಾನು ಹೋಗುವ ರೇಂಜಿನಲ್ಲಿ ಮಕ್ಕಳಿಗೆ ತರಬೇತಿ ಕೊಡುವ ಒಬ್ಬ ಹಿರಿಯರಿದ್ದಾರೆ, ನಿವೃತ್ತ ಮೆಕ್ಯಾನಿಕ್. ಪ್ರತಿ ರೈಫಲಿನ ಬೋಲ್ಟ್ ತೆಗೆಸಿ, ಗುಂಡಿನ ಮನೆಯೊಳಗೆ ಹಳದಿ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಅದು ಹೊರಗೆ ಕಾಣುತ್ತಿದೆಯೇ ಎಂದು ಒಂದೊಂದನ್ನೂ ಬಗ್ಗಿ ನೋಡದೆ ಮಕ್ಕಳನ್ನು ಗೆರೆ ದಾಟಲು ಬಿಡುವವರಲ್ಲ. ನಿರ್ದೇಶಕರ ಚುನಾವಣೆಯ ಮತಪತ್ರ ಹೇಗಿರುತ್ತದೆಂದು ನನಗೆ ತೋರಿಸಿಕೊಟ್ಟದ್ದು ಅವರೇ. ಸಂಘದ ಪತ್ರಿಕೆಯ ಜೊತೆ ಬರುತ್ತದೆ. ಉದ್ದನೆಯ ಹೆಸರಿನ ಪಟ್ಟಿ, ವರ್ಷಕ್ಕೆ 25 ಸ್ಥಾನ. ಹೆಸರುಗಳಲ್ಲಿ ಹೆಚ್ಚಿನವು ನಾಮನಿರ್ದೇಶನ ಸಮಿತಿ ಆರಿಸಿಟ್ಟವು. ಹೊರಗಿನಿಂದ ಬರುವವರು ಸದಸ್ಯರ ಸಹಿ ಸಂಗ್ರಹಿಸಿ ಬರಬೇಕು. ಮತದ ಹಕ್ಕು ಆಜೀವ ಸದಸ್ಯರಿಗೆ ಅಥವಾ ಐದು ವರ್ಷ ಬಿಡದೆ ಚಂದಾ ಕಟ್ಟಿದವರಿಗೆ ಮಾತ್ರ. ಹಕ್ಕಿದ್ದವರಲ್ಲೂ ಬಹುಪಾಲು ಆ ಹಾಳೆಯನ್ನು ಹರಿದು ತೆಗೆಯುವುದೇ ಇಲ್ಲ. ಹಿರಿಯರು ಮಾತ್ರ ಪೆನ್ನು ಹಿಡಿದು ಕೂರುತ್ತಾರೆ, ಪ್ರತಿಯೊಬ್ಬರ ಪರಿಚಯ ಓದುತ್ತಾರೆ.

2019ರ ಏಪ್ರಿಲ್. ಇಂಡಿಯಾನಾಪೊಲಿಸ್‌ನ ಮಹಾಸಭೆ. ಸಂಘದ ಅಧ್ಯಕ್ಷ ಆಲಿವರ್ ನಾರ್ತ್ ಬರಲಿಲ್ಲ. ತಾವು ಮತ್ತೆ ಅಧ್ಯಕ್ಷರಾಗುವುದಿಲ್ಲ ಎಂಬ ಅವರ ಪತ್ರವನ್ನು ಬೇರೊಬ್ಬರು ಓದಿದರು. ಖರ್ಚಿನ ತನಿಖೆಯಾಗಬೇಕು ಎಂದು ಅವರು ಪಟ್ಟುಹಿಡಿದಿದ್ದರು. ನನ್ನನ್ನು ಬೆದರಿಸಿ ಇಳಿಸಲು ನೋಡಿದರು ಎಂದು ಲಪಿಯೇರ್ ದೂರಿದ್ದರು. ಸಭೆಯಲ್ಲಿ ಒಬ್ಬ ಸಾಮಾನ್ಯ ಸದಸ್ಯ ಎದ್ದು ಅವಿಶ್ವಾಸ ನಿರ್ಣಯ ಮಂಡಿಸಿದರು. 1977ರ ದಾರಿಯೇ ಅದು. ಆದರೆ ಈ ಸಲ ನಿರ್ಣಯವನ್ನು ಅಲ್ಲೇ ಮತಕ್ಕೆ ಹಾಕದೆ ಮಂಡಳಿಯ ಕಡೆಗೆ ಸಾಗಹಾಕಿದರು. ಎರಡು ದಿನ ಕಳೆದು ಮಂಡಳಿ ಲಪಿಯೇರ್ ಅವರನ್ನೇ ಮತ್ತೆ ಆರಿಸಿತು. ಕೆಲವು ನಿರ್ದೇಶಕರು ಆ ವರ್ಷವೇ ಬಿಟ್ಟುಹೋದರು.

ಆಮೇಲೆ ಹೊರಬಿದ್ದ ವಿವರಗಳು ಒಂದೊಂದೂ ಸದಸ್ಯರ ಎದೆಗೆ ಚುಚ್ಚುವಂಥವು. ಬೆವರ್ಲಿ ಹಿಲ್ಸ್‌ನ ಅಂಗಡಿಯಲ್ಲಿ ಲಪಿಯೇರ್ ಅವರಿಗೆ ಸುಮಾರು 2.75 ಲಕ್ಷ ಡಾಲರ್ ಬೆಲೆಯ ಬಟ್ಟೆ. ಬಿಲ್ಲು ಹೋದದ್ದು ಸಂಘದ ಪ್ರಚಾರ ನೋಡಿಕೊಳ್ಳುತ್ತಿದ್ದ ಕಂಪನಿಗೆ. ಮನೆಯವರಿಗೂ ಖಾಸಗಿ ವಿಮಾನ. ಬಹಾಮಾಸ್‌ನಲ್ಲಿ ವಿಹಾರಕ್ಕೆ, ಸಂಘದಿಂದ ಗುತ್ತಿಗೆ ಪಡೆಯುತ್ತಿದ್ದ ವ್ಯಾಪಾರಿಯ 108 ಅಡಿ ಉದ್ದದ ಹಡಗು. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡೇಟಿಗೆ ಮಕ್ಕಳು ಸತ್ತ ಮೇಲೆ ಪ್ರಾಣಭಯವಿತ್ತು, ಆ ಹಡಗಿನಲ್ಲಿ ಕ್ಷೇಮ ಅನಿಸಿತು ಎಂದು ಅವರು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದರು. ಆ ಮಾತನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಇತ್ತ ತರಬೇತಿ, ಸುರಕ್ಷತೆಯ ಖರ್ಚು ಇಳಿಯುತ್ತಿತ್ತು, ಅತ್ತ ವಕೀಲರ ಬಿಲ್ಲು ಏರುತ್ತಿತ್ತು. ಮಕ್ಕಳ ರೈಫಲಿಗೆ ಹಳದಿ ಪಟ್ಟಿ ತೂರಿಸುವವರ ಚಂದಾ ಅದು.

2020ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಅಟಾರ್ನಿ ಜನರಲ್ ಲೆಟೀಷಿಯಾ ಜೇಮ್ಸ್ ಮೊಕದ್ದಮೆ ಹೂಡಿದರು. 1871ರ ನೋಂದಣಿ ಅವರ ಕೈಗೆ ಅಧಿಕಾರ ಕೊಟ್ಟಿತ್ತು. ಅವರಿಗೆ ಸಂಘವನ್ನೇ ಮುಚ್ಚಿಸಬೇಕಿತ್ತು; ಚುನಾವಣೆಗೆ ನಿಂತಾಗಲೇ ಅದನ್ನು ಭಯೋತ್ಪಾದಕ ಸಂಘಟನೆ ಎಂದು ಕರೆದಿದ್ದವರು. ಸದಸ್ಯರ ಸಂಕಟ ಇದು: ಒಳಗಿನ ಲೂಟಿಯನ್ನು ಬಯಲಿಗೆಳೆಯುತ್ತಿರುವವರು ತಮ್ಮ ಹಕ್ಕನ್ನೇ ಒಪ್ಪದವರು. ನಾಯಕರು ಈ ಸಂಕಟವನ್ನೇ ಗುರಾಣಿ ಮಾಡಿಕೊಂಡರು. ನಮ್ಮನ್ನು ಟೀಕಿಸಿದರೆ ಅವರಿಗೆ ಬಲ ಕೊಟ್ಟಂತೆ ಎಂಬ ಮಾತಿಗೆ ಎಷ್ಟೋ ಒಳ್ಳೆಯವರು ಬಾಯಿ ಮುಚ್ಚಿಕೊಂಡರು. 2021ರ ಜನವರಿಯಲ್ಲಿ ಲಪಿಯೇರ್ ಮಂಡಳಿಯ ಬಹುಪಾಲಿಗೂ ಹೇಳದೆ ಟೆಕ್ಸಾಸಿನಲ್ಲಿ ದಿವಾಳಿ ಅರ್ಜಿ ಹಾಕಿದರು. ಕಾನ್ಸಾಸಿನ ನ್ಯಾಯಾಧೀಶರೂ ಸಂಘದ ನಿರ್ದೇಶಕರೂ ಆಗಿದ್ದ ಫಿಲ್ ಜರ್ನಿ, ಲೆಕ್ಕ ನೋಡಲು ಸ್ವತಂತ್ರ ಪರೀಕ್ಷಕರು ಬೇಕೆಂದು ಕೋರ್ಟಿಗೆ ಹೋದರು. ಮೇ ತಿಂಗಳಲ್ಲಿ ನ್ಯಾಯಾಧೀಶ ಹಾರ್ಲಿನ್ ಹೇಲ್, ಈ ಅರ್ಜಿಯಲ್ಲಿ ಪ್ರಾಮಾಣಿಕ ಉದ್ದೇಶವಿಲ್ಲ ಎಂದು ವಜಾ ಮಾಡಿದರು. ಸಂಘವನ್ನು ಮುಚ್ಚಿಸುವ ಬೇಡಿಕೆಯನ್ನೂ 2022ರಲ್ಲಿ ನ್ಯೂಯಾರ್ಕಿನ ಕೋರ್ಟು ತಳ್ಳಿಹಾಕಿತು. ಅದು ಸರಿಯಾದ ತೀರ್ಮಾನ. ಯಜಮಾನ ಕದ್ದನೆಂದು ಮನೆಯವರನ್ನು ಬೀದಿಗೆ ಹಾಕಬಾರದು.

ವಿಚಾರಣೆ ಶುರುವಾಗುವ ಹೊತ್ತಿಗೆ, 2024ರ ಜನವರಿಯಲ್ಲಿ, ಲಪಿಯೇರ್ ರಾಜೀನಾಮೆ ಘೋಷಿಸಿದರು. ಫೆಬ್ರವರಿ 23ರಂದು ಮ್ಯಾನ್‌ಹಟನ್ನಿನ ಆರು ಜನರ ಜ್ಯೂರಿ, ಅವರಿಂದ ಸಂಘಕ್ಕೆ 54 ಲಕ್ಷ ಡಾಲರ್ ನಷ್ಟವಾಗಿದೆ, 43.5 ಲಕ್ಷ ಮರಳಿ ಕಟ್ಟಬೇಕು ಎಂದಿತು. ಜುಲೈನಲ್ಲಿ ನ್ಯಾಯಾಧೀಶರು ಹತ್ತು ವರ್ಷ ಸಂಘದ ಯಾವ ಹುದ್ದೆಗೂ ಬರಬಾರದೆಂದು ಅವರನ್ನು ತಡೆದರು. ಹೊರಗಿನ ಮೇಲ್ವಿಚಾರಕರನ್ನು ನೇಮಿಸಲು ಒಪ್ಪಲಿಲ್ಲ.

ಆ ಎರಡು ತೀರ್ಪುಗಳ ನಡುವೆ, ಮೇ ತಿಂಗಳಲ್ಲಿ, ಡಲ್ಲಾಸಿನಲ್ಲಿ ಮಹಾಸಭೆ ಸೇರಿತು. ಸದಸ್ಯರ ಸಹಿ ಸಂಗ್ರಹಿಸಿ, ಸುಧಾರಣೆಯ ಹೆಸರಿನಲ್ಲಿ ನಿಂತಿದ್ದ ನಾಲ್ವರೂ ನಿರ್ದೇಶಕರಾಗಿ ಗೆದ್ದಿದ್ದರು. ಒಬ್ಬರು ಫಿಲ್ ಜರ್ನಿ. ಇನ್ನೊಬ್ಬರು ನೀಲ್ ನಾಕ್ಸ್ ಅವರ ಮಗ ಜೆಫ್ ನಾಕ್ಸ್.