ತೋಟದ ಗುಡ್ಲು

ಗುದ್ದಲಿ, ಮಚ್ಚು, ಗೊಬ್ಬರದ ಚೀಲ, ಹನಿ ನೀರಾವರಿಯ ಪೈಪು ಇಡಲು, ಮಳೆ ಬಂದರೆ ನಿಲ್ಲಲು, ಫಸಲಿನ ಕಾವಲಿಗೆ ಮಲಗಲು ರೈತರು ಜಮೀನಿನಲ್ಲಿ ತಾವೇ ಕಟ್ಟಿಕೊಳ್ಳುವ ಸಣ್ಣ ಸೂರು. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಗುಡಿಸಲಿಗೆ ಆಡುಮಾತಿನಲ್ಲಿ ಗುಡ್ಲು ಎನ್ನುತ್ತಾರೆ.

ಕಡಿಮೆ ಖರ್ಚಿನ ಗುಡ್ಲಿನಲ್ಲಿ ದುಡ್ಡು ಹೋಗಬೇಕಾದದ್ದು ಬುಡಕ್ಕೆ ಮತ್ತು ಸೂರಿಗೆ, ಗೋಡೆಗಲ್ಲ. ಮರದ ಕಂಬ ಮಣ್ಣೊಳಗೆ ಗೆದ್ದಲಿಗೆ ತುತ್ತಾಗುತ್ತದೆ. ಆದ್ದರಿಂದ ಬೇಲಿಗೆ ನೆಡುವ ಕಲ್ಲುಕಂಬವನ್ನೇ ಎರಡಡಿ ಹೂಳಿ, ಅದರ ಮೇಲೆ ಸರ್ವೆ ಅಥವಾ ನೀಲಗಿರಿ ಗಳ ಬಿಗಿಯುವುದು ಲೇಸು. ಮುಂದಿನಿಂದ ಹಿಂದಕ್ಕೆ 10 ಅಡಿ ಇರುವ ಗುಡ್ಲಿಗೆ ಮುಂದಿನ ಕಂಬ ಏಳೂವರೆ ಅಡಿ, ಹಿಂದಿನದು 6 ಅಡಿ ಎತ್ತರವಿದ್ದರೆ 12 ಅಡಿಯ ತಗಡು ಕತ್ತರಿಸದೆ ಕೂರುತ್ತದೆ, ಎರಡೂ ಕಡೆ ಸುಮಾರು ಒಂದಡಿ ಚಾಚೂ ಸಿಗುತ್ತದೆ. ತಗ್ಗಿನ ಬದಿ ಪಡುವಣಕ್ಕಿರಲಿ: ಆಷಾಢದ ಗಾಳಿ ಬೀಸುವುದು ಅಲ್ಲಿಂದ. ತಗಡನ್ನು ಮೊಳೆಗೆ ಮಾತ್ರ ನಂಬದೆ ತಂತಿಯಿಂದ ಗಳಕ್ಕೆ ಬಿಗಿಯಬೇಕು. ತೆಂಗಿನ ಗರಿಯ ಹೊದಿಕೆ ತಂಪು, ಅಗ್ಗ. ಆದರೆ ಒಂದೆರಡು ವರ್ಷಕ್ಕೆ ಬದಲಿಸಬೇಕು. ತಗಡಿನ ಮೇಲೆಯೇ ಗರಿ ಹಾಸಿದರೆ ಬೇಸಿಗೆಯ ಕಾವು ತಗ್ಗುತ್ತದೆ.

ಗೋಡೆಗೆ ಬಿದಿರಿನ ತಡಿಕೆ ಹೆಣೆದು ಕೆಮ್ಮಣ್ಣು, ಸಗಣಿ, ಹೊಟ್ಟು ಕಲಸಿ ಮೆತ್ತುವುದು ಹಳೆಯ ಕ್ರಮ; ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಪೋಡುಗಳ (ಹಾಡಿಗಳ) ಮನೆಗಳೂ ಹೀಗೆಯೇ ಇದ್ದವು. ಹಸಿ ಬಿದಿರನ್ನು ಕೆಲವು ವಾರ ನೀರಲ್ಲಿ ನೆನೆಹಾಕಿದರೆ ಪಿಷ್ಟ ಇಳಿದು ಕುಟ್ಟೆಹುಳು ಕಡಿಮೆಯಾಗುತ್ತದೆ. ಭಾರತೀಯ ಅರಣ್ಯ ಕಾಯಿದೆಯ 2017ರ ತಿದ್ದುಪಡಿಯಿಂದ, ಕಾಡಿನ ಹೊರಗೆ ಬೆಳೆದ ಬಿದಿರು ಆ ಕಾಯಿದೆಯ ಪ್ರಕಾರ ‘ಮರ’ವಲ್ಲ. ಬದುವಿನಲ್ಲಿ ಎರಡು ಮೆಳೆ ನೆಟ್ಟವರಿಗೆ ಮುಂದಿನ ಗುಡ್ಲಿನ ಸಾಮಾನು ಅಲ್ಲೇ ಬೆಳೆಯುತ್ತದೆ.

ಬಿದಿರಿಗೆ ಬದಲಿ ಲಂಟಾನ. 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದ ಇದು ಇಲ್ಲಿನ ಕಾಡಿನ ನೆಲವನ್ನೇ ನುಂಗಿದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ನೆರವಿನಿಂದ ಸೋಲಿಗರು ಲಂಟಾನದ ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು, ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡಿದ್ದಾರೆ. ಅದೇ ಕಡ್ಡಿ ತಡಿಕೆಗೂ ಒದಗುತ್ತದೆ. ಆದರೆ ತಂದದ್ದನ್ನು ಹಸಿಯಾಗಿ ನೆಲಕ್ಕೆ ಚುಚ್ಚಬಾರದು, ಬೇರು ಬಿಟ್ಟೀತು.

ಕಾಡಂಚಿನಲ್ಲಿ ಗುಡ್ಲಿನೊಳಗೆ ರಾಗಿ, ಜೋಳ, ಬಾಳೆಗೊನೆ, ಹಲಸು, ಉಪ್ಪು ಇಡುವುದು ಅಪಾಯ. ವಾಸನೆ ಹಿಡಿದ ಆನೆಗೆ ಯಾವ ಗೋಡೆಯೂ ಅಡ್ಡಿಯಲ್ಲ. ಅದಕ್ಕೇ ಅಲ್ಲಿ ಸಾಮಾನಿಗೆ ಕೆಳಗೆ ಗುಡ್ಲು, ರಾತ್ರಿ ಕಾವಲಿಗೆ ಮರದ ಮೇಲೆ ಅಟ್ಟಣೆ.