ಒಂದು ಧಾಟಿಯ ಕಥೆ

ರೇಡಿಯೋವಿನ ಮುಳ್ಳನ್ನು ಅತ್ತಿತ್ತ ತಿರುಗಿಸುತ್ತ ಕುಳಿತಿದ್ದಾಗ ಯಾವುದೋ ದೂರದ ನಿಲಯದಿಂದ ಒಂದು ಧಾಟಿ ತೇಲಿಬಂದು, ಅದರ ಹೆಸರಾಗಲಿ ಊರಾಗಲಿ ತಿಳಿಯುವ ಮೊದಲೇ ಮನಸ್ಸಿನಲ್ಲಿ ನೆಲೆಯೂರಿ ಬಿಡುವುದು ನಿಮ್ಮ ಅನುಭವಕ್ಕೂ ಬಂದಿರಬೇಕು. ಹತ್ತಾರು ಕಹಳೆಗಳನ್ನು ಸಾಲಾಗಿ ನಿಲ್ಲಿಸಿ ಊದಿಸಿದಂತೆ ಕೇಳುವ, ಆದರೆ ಒಂದು ಕಹಳೆಯನ್ನೂ ಬಳಸದ, ಅಂಥ ಧಾಟಿಯೊಂದಿದೆ. ಆಟದ ಮೈದಾನದಲ್ಲೋ, ದೂರದರ್ಶನದಲ್ಲೋ, ನೆರೆಮನೆಯ ಹುಡುಗನ ಕೋಣೆಯಿಂದಲೋ ನೀವು ಅದನ್ನು ಒಮ್ಮೆಯಾದರೂ ಕೇಳಿರುತ್ತೀರಿ. ಹಾಡಿನ ಹೆಸರು ‘ದಿ ಫೈನಲ್ ಕೌಂಟ್‌ಡೌನ್’. ರಾಕೆಟ್ಟನ್ನು ಹಾರಿಸುವ ಮುನ್ನ ನಡೆಯುತ್ತದಲ್ಲ, ಆ ಕೊನೆಯ ಕ್ಷಣಗಣನೆ. ಹಾಡಿದವರು ಸ್ವೀಡನ್ ದೇಶದ ‘ಯೂರೋಪ್’ ಎಂಬ ಮೇಳದವರು. ಲೋಕವೆಲ್ಲ ಬಲ್ಲ ಈ ಧಾಟಿಯ ಹಿಂದೆ ಒಂದು ಜಗಳವಿದೆ. ಅದನ್ನು ಬಲ್ಲವರು ಕಡಿಮೆ.

ಸ್ಟಾಕ್‌ಹೋಮ್ ನಗರದಿಂದ ಉತ್ತರಕ್ಕೆ, ವಿಶ್ವವಿದ್ಯಾನಿಲಯದ ಊರಾದ ಉಪ್ಸಾಲಕ್ಕೆ ಹೋಗುವ ದಾರಿಯಲ್ಲಿ ಉಪ್‌ಲಾಂಡ್ಸ್ ವೆಸ್‌ಬಿ ಎಂಬ ಊರು ಸಿಗುತ್ತದೆ. ರಾಜಧಾನಿಯ ಮಗ್ಗುಲಲ್ಲಿ ಬೆಳೆದ ಊರು. ಯಾತ್ರಿಕರು ಇಳಿದು ನೋಡುವಂಥದೇನೂ ಅಲ್ಲಿಲ್ಲ. ಆದರೆ ಗಿಟಾರಿನ ಗೀಳು ಹತ್ತಿದ ಹುಡುಗರಿಗೆ ಮಾತ್ರ ಅಲ್ಲಿ ಬರಗಾಲವಿರಲಿಲ್ಲ. ‘ಕ್ಯಾಂಡಲ್‌ಮಾಸ್’ ಎಂಬ ಮೇಳ ಹುಟ್ಟಿದುದೂ ಅಲ್ಲಿಯೇ. ಸ್ವೀಡನ್ನಿನ ಪೌರಸಭೆಗಳು ಮಕ್ಕಳಿಗಾಗಿ ಸಂಗೀತ ಶಾಲೆಗಳನ್ನು ನಡೆಸುತ್ತಿದ್ದುವು. ಕಾರ್ಮಿಕರ ಕಲಿಕೆಗೆಂದು ಹುಟ್ಟಿದ ಅಧ್ಯಯನ ಸಂಘಗಳು ಎಳೆಯ ವಾದ್ಯಗಾರರಿಗೆ ಅಭ್ಯಾಸದ ಕೋಣೆಗಳನ್ನು ಒದಗಿಸುತ್ತಿದ್ದುವು. ಅಷ್ಟು ಸಣ್ಣ ದೇಶದಿಂದ ಇಷ್ಟೊಂದು ಹಾಡು ಹೊರಟಿತು ಹೇಗೆಂದು ಕೇಳುವವರು ಈ ಕೋಣೆಗಳನ್ನು ಮರೆಯಬಾರದು.

ಈ ಊರಿನಲ್ಲಿ 1979ರಲ್ಲಿ ‘ಫೋರ್ಸ್’ ಎಂಬ ಮೇಳವೊಂದು ಕೂಡಿತು. ಹಾಡುಗಾರ ಯೊಆಕಿಮ್ ಲಾರ್ಸನ್ನನಿಗೆ ಆಗ ಹದಿನಾರು ವರ್ಷ. ಮುಂದೆ ಜೋಯಿ ಟೆಂಪೆಸ್ಟ್, ಅಂದರೆ ಬಿರುಗಾಳಿ, ಎಂದು ಹೆಸರಿಟ್ಟುಕೊಂಡವನು ಇವನೇ. ಗಿಟಾರು ನುಡಿಸುತ್ತಿದ್ದವನು ನಾರ್ವೆಯಲ್ಲಿ ಹುಟ್ಟಿ ಇಲ್ಲಿ ಬೆಳೆದ ಜಾನ್ ನೋರುಮ್. ಇವನು ಇನ್ನೂ ಒಂದು ವರ್ಷ ಕಿರಿಯ. ಧ್ವನಿಮುದ್ರಣದ ಕಂಪನಿಗಳಿಗೆ ಹುಡುಗರು ತಮ್ಮ ಹಾಡುಗಳನ್ನು ಕಳುಹಿಸಿದಾಗ ಬಂದ ಉತ್ತರ ಸೊಗಸಾಗಿದೆ: ಮೊದಲು ಕೂದಲು ಕತ್ತರಿಸಿಕೊಳ್ಳಿ, ಆಮೇಲೆ ಸ್ವೀಡಿಷ್ ಭಾಷೆಯಲ್ಲಿ ಹಾಡಿರಿ. ಹುಡುಗರು ಎರಡನ್ನೂ ಒಪ್ಪಲಿಲ್ಲ. ಈ ನಡುವೆ ತಂತಿಗಳ ಮಂದ್ರವನ್ನು ನೋಡಿಕೊಳ್ಳುತ್ತಿದ್ದ ಜಾನ್ ಲೆವೆನ್, ಆಗಲೇ ಬಿರುಸಿನ ಬೆರಳುಗಳಿಗೆ ಹೆಸರಾಗಿದ್ದ ಇಂಗ್ವೆ ಮಾಲ್ಮ್‌ಸ್ಟೀನನ ಮೇಳಕ್ಕೆ ಹೋದ. ಅಲ್ಲಿಯವನು ಇಲ್ಲಿಗೆ ಬಂದ. ಮೂರು ತಿಂಗಳಲ್ಲಿ ಇಬ್ಬರೂ ತಮ್ಮ ತಮ್ಮ ಮನೆಗೆ ಹಿಂತಿರುಗಿದರು!

1982ರಲ್ಲಿ ದೇಶದ ರಾಕ್ ಸ್ಪರ್ಧೆಗೆ ಇವರ ಹಾಡುಗಳನ್ನು ಕಳುಹಿಸಿದವಳು ಮೇಳದ ಗೆಳತಿಯೊಬ್ಬಳು. ಸ್ಪರ್ಧೆಗೆ ಬಂದ ಮೇಳಗಳು ಸುಮಾರು 4,000. ಹೆಸರನ್ನು ‘ಯೂರೋಪ್’ ಎಂದು ಬದಲಾಯಿಸಿಕೊಂಡು ಹೋದ ಹುಡುಗರು ಗೆದ್ದುಬಂದರು. ಒಳ್ಳೆಯ ಹಾಡುಗಾರನೆಂಬ ಬಹುಮಾನ ಟೆಂಪೆಸ್ಟನಿಗೆ, ಒಳ್ಳೆಯ ಗಿಟಾರುಗಾರನೆಂಬುದು ನೋರುಮನಿಗೆ. ಗೆಲುವಿನ ಫಲವಾಗಿ ಧ್ವನಿಮುದ್ರಣದ ಕರಾರು ಕೈಗೆ ಬಂತು. 1983ರಲ್ಲಿ ಮೊದಲ ತಟ್ಟೆ, 1984ರಲ್ಲಿ ಎರಡನೆಯದು. ಅದೇ ವರ್ಷ ಡ್ರಮ್ಮಿಗೆ ಇಯಾನ್ ಹಾಗ್‌ಲಂಡ್, ಕೀಬೋರ್ಡಿಗೆ ಮಿಕ್ ಮಿಕೇಲಿ ಬಂದು ಸೇರಿದರು.

ಇಲ್ಲಿ ಒಂದು ಮಾತು ಹೇಳಬೇಕು. ಹಾರ್ಡ್ ರಾಕ್ ಎಂದರೆ ಗದ್ದಲವೆಂದು ಹಿರಿಯರು ಕೈಬೀಸಿ ಬಿಡುವುದುಂಟು. ಗದ್ದಲ ಇದೆ, ಸುಳ್ಳಲ್ಲ. ವಿದ್ಯುತ್ ಗಿಟಾರಿನ ನಾದವನ್ನು ಬೇಕೆಂದೇ ಒರಟಾಗಿಸಿ, ಡ್ರಮ್ಮಿನ ಗುಡುಗಿನ ಮೇಲೆ ಹರಿಸುವ ಸಂಗೀತವದು. ಆದರೆ ಅದರಲ್ಲೇ ಒಂದು ಕವಲು, ಗುಡುಗಿನ ನಡುವೆ ಗುನುಗಿಕೊಳ್ಳಬಹುದಾದ ರಾಗವನ್ನು ಮುಂದಿಡುತ್ತದೆ. ಯೂರೋಪ್ ಮೇಳದವರು ಆ ಕವಲಿನವರು. ಈ ಸಂಗೀತದಲ್ಲಿ ಗಿಟಾರೇ ಯಜಮಾನ. ಹಾರ್ಮೋನಿಯಮ್ಮಿನಂತೆ ಕಪ್ಪುಬಿಳಿ ಮನೆಗಳುಳ್ಳ, ವಿದ್ಯುತ್ತಿನಿಂದ ಯಾವ ವಾದ್ಯದ ನಾದವನ್ನಾದರೂ ಹುಟ್ಟಿಸಬಲ್ಲ ಕೀಬೋರ್ಡು ಅದರ ಪಕ್ಕವಾದ್ಯ. ಜಗಳದ ಬೇರು ಇರುವುದು ಇಲ್ಲಿ.

ಎಂಬತ್ತರ ದಶಕದ ಮೊದಲಲ್ಲಿ, ಮಿಕೇಲಿ ಇನ್ನೂ ಮೇಳ ಸೇರಿರದ ದಿನಗಳಲ್ಲೇ, ಟೆಂಪೆಸ್ಟ್ ಅವನಿಂದ ಕೋರ್ಗ್ ಪಾಲಿಸಿಕ್ಸ್ ಎಂಬ ಕೀಬೋರ್ಡನ್ನು ಎರವಲು ತಂದಿದ್ದ. ಅದರ ಮೇಲೆ ಬೆರಳಾಡಿಸುತ್ತಿದ್ದಾಗ ಆ ಕಹಳೆಯ ಧಾಟಿ ಹೊರಟಿತು. ಹೊರಟಿತು, ಅಷ್ಟೆ. ಹಾಡಾಗದೆ ಕೆಲವು ವರ್ಷ ಸುಮ್ಮನೆ ಬಿದ್ದಿತ್ತು. 1985ರಲ್ಲಿ ಇದರ ಮೇಲೆ ಹಾಡೊಂದನ್ನು ಕಟ್ಟಬಾರದೇಕೆ ಎಂದವನು ಲೆವೆನ್. ಭೂಮಿಯನ್ನು ಬಿಟ್ಟು ಶುಕ್ರಗ್ರಹದತ್ತ ಹೊರಡುವವರ ಮಾತನ್ನು ಟೆಂಪೆಸ್ಟ್ ಅದಕ್ಕೆ ಹೊಂದಿಸಿದ. ಡೇವಿಡ್ ಬೋವಿ 1969ರಲ್ಲಿ ಹಾಡಿದ ‘ಸ್ಪೇಸ್ ಆಡಿಟಿ’ ಅವನ ಮನಸ್ಸಿನಲ್ಲಿತ್ತು. ಇದನ್ನು ಪ್ರತ್ಯೇಕ ತಟ್ಟೆಯಾಗಿ ಮಾರುವ ಆಲೋಚನೆ ಮೊದಲಿಗೆ ಇರಲಿಲ್ಲ. ಕಚೇರಿಯ ಆರಂಭದಲ್ಲಿ ಸಭೆಯನ್ನು ಎಚ್ಚರಿಸಲು ಒಂದು ಹಾಡು ಬೇಕಾಗಿತ್ತು, ಅದಕ್ಕೆ ಬರೆದದ್ದು.

ನೋರುಮನಿಗೆ ಇದು ರುಚಿಸಲಿಲ್ಲ. ಆ ಕೀಬೋರ್ಡಿನ ಮೊದಲನ್ನು ಕೇಳಿದೊಡನೆಯೆ, ಇಂಥದನ್ನು ನಾವು ಬಳಸಕೂಡದು ಎಂದನಂತೆ. ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲವೆಂದು ನನಗೆ ತೋರುತ್ತದೆ. ಹದಿನೈದನೆಯ ವರ್ಷದಿಂದ ಗಿಟಾರನ್ನು ಮುಂದಿಟ್ಟುಕೊಂಡು ಬೆಳೆಸಿದ ಮೇಳದಲ್ಲಿ ಪಕ್ಕವಾದ್ಯ ಎದ್ದು ಬಂದು ನಡುವೆ ಕುಳಿತರೆ ಯಾರಿಗೆ ತಾನೆ ನೋಯದು? ಆದರೆ ಉಳಿದವರು ಕೇಳಲಿಲ್ಲ. ಕೆವಿನ್ ಎಲ್ಸನ್ನನ ಮೇಲ್ವಿಚಾರಣೆಯಲ್ಲಿ ಧ್ವನಿಮುದ್ರಣ ನಡೆಯಿತು. ಜೂರಿಚ್ ಬಳಿಯ ಪವರ್‌ಪ್ಲೇ ಸ್ಟುಡಿಯೋ ಅದರ ಮುಖ್ಯ ತಾಣ. ಎಲ್.ಪಿ. ತಟ್ಟೆ 1986ರ ಮೇ ತಿಂಗಳಲ್ಲಿ ಹೊರಬಂದಿತು.

ಆಮೇಲಿನದು ನಿಮಗೆ ಗೊತ್ತು. ಹಾಡು 25 ದೇಶಗಳಲ್ಲಿ ಮೊದಲ ಸ್ಥಾನಕ್ಕೇರಿತು. ಇಂಗ್ಲೆಂಡಿನಲ್ಲಿ ಎರಡು ವಾರ ಅಲ್ಲೇ ನಿಂತಿತು, ಅಮೆರಿಕದಲ್ಲಿ ಎಂಟನೆಯದಾಯಿತು. ಅದೇ ತಟ್ಟೆಯ ‘ಕ್ಯಾರಿ’ ಎಂಬ ಮೆಲುಹಾಡು 1987ರಲ್ಲಿ ಅಮೆರಿಕದಲ್ಲಿ ಮೂರನೆಯ ಸ್ಥಾನದವರೆಗೆ ಹೋಯಿತು. ಐವರ ಚಿತ್ರಗಳು ಹುಡುಗಿಯರ ಕೋಣೆಯ ಗೋಡೆಗಳನ್ನು ಹಿಡಿದುವು. ನೋರುಮನಿಗೆ ಇದೂ ಒಗ್ಗಲಿಲ್ಲ. ತಾನು ವಾದ್ಯಗಾರನೋ, ಗೋಡೆಗೆ ಅಂಟಿಸುವ ಚಿತ್ರವೋ? 1986ರ ಕೊನೆಯ ತಿಂಗಳುಗಳಲ್ಲಿ, ಹಾಡು ತುತ್ತತುದಿಯಲ್ಲಿರುವಾಗಲೇ, ಅವನು ಮೇಳವನ್ನು ಬಿಟ್ಟು ನಡೆದ. ಗೆಲುವಿನ ಹೊತ್ತಿನಲ್ಲಿ ಬಿಟ್ಟು ಹೋಗುವವರು ಎಷ್ಟು ಮಂದಿ ಸಿಕ್ಕಾರು, ನೀವೇ ಹೇಳಿ. ಮರುವರ್ಷ ಅವನು ತನ್ನದೇ ತಟ್ಟೆಯೊಂದನ್ನು ಹೊರತಂದ. ಯೂರೋಪಿನಲ್ಲಿ ಅವನ ಜಾಗಕ್ಕೆ ಕೀ ಮಾರ್ಚೆಲ್ಲೊ ಬಂದ. ಬೆರಳಿನ ಚಳಕದಲ್ಲಿ ಇವನೇನೂ ಕಡಿಮೆಯವನಲ್ಲ. 1988ರ ತಟ್ಟೆಯನ್ನು ಇವನಿಗಾಗಿಯೇ ಕೇಳಬಹುದು.

ಆದರೆ ಗಾಳಿಯ ದಿಕ್ಕು ಬದಲಾಗುತ್ತಿತ್ತು. ಇವರ ಐದನೆಯ ತಟ್ಟೆ 1991ರ ಸೆಪ್ಟೆಂಬರಿನಲ್ಲಿ ಬಂತು. ಅದೇ ತಿಂಗಳು ಅಮೆರಿಕದ ‘ನಿರ್ವಾಣ’ ಮೇಳದ ‘ನೆವರ್‌ಮೈಂಡ್’ ಹೊರಟಿತು. ಹರಕು ಅಂಗಿ ತೊಟ್ಟು ಬೇಸರವನ್ನೇ ಹಾಡಾಗಿಸಿದ ಆ ಹುಡುಗರ ಮುಂದೆ, ಗುಂಗುರು ಕೂದಲಿನ ಮಿನುಗುವ ಮೇಳಗಳೆಲ್ಲ ಒಮ್ಮೆಲೇ ಹಳಬವಾಗಿ ಕಂಡುವು. 1992ರಲ್ಲಿ ಯೂರೋಪ್ ಬಾಗಿಲು ಹಾಕಿತು. ಟೆಂಪೆಸ್ಟ್ ಒಬ್ಬನೇ ಹಾಡಿಕೊಂಡ. ಉಳಿದವರು ಅಲ್ಲಿ ಇಲ್ಲಿ ನುಡಿಸಿದರು. ಧಾಟಿ ಮಾತ್ರ ತನ್ನ ಪಾಡಿಗೆ ಮೈದಾನಗಳಲ್ಲಿ ಮೊಳಗುತ್ತಲೇ ಇತ್ತು.

1999ರ ಡಿಸೆಂಬರ್ 31ರ ರಾತ್ರಿ ಸ್ಟಾಕ್‌ಹೋಮಿನಲ್ಲಿ, ಸಹಸ್ರಮಾನದ ಕೊನೆಯೆಂದು ಬಯಲಿನಲ್ಲೇ ಉತ್ಸವ. ಉತ್ತರದೇಶದ ಡಿಸೆಂಬರಿನ ಚಳಿ. ತಂತಿಯ ಮೇಲೆ ಬೆರಳು ನಿಲ್ಲುವುದೇ ಕಷ್ಟ. ಆ ರಾತ್ರಿ ಮೇಳ ಮತ್ತೆ ಒಂದೇ ವೇದಿಕೆಗೆ ಬಂತು. ನೋರುಮನೂ ಇದ್ದ, ಮಾರ್ಚೆಲ್ಲೊ ಕೂಡ ಇದ್ದ. ಬಿಟ್ಟು ಹೋದವನೂ ಅವನ ಜಾಗಕ್ಕೆ ಬಂದವನೂ ಅಕ್ಕಪಕ್ಕದಲ್ಲಿ ನಿಂತು ನುಡಿಸಿದ ಹಾಡುಗಳಲ್ಲಿ ಈ ಜಗಳದ ಹಾಡೂ ಒಂದು.

2003ರಲ್ಲಿ ಹಳೆಯ ಐವರು, ನೋರುಮನೂ ಸೇರಿ, ಮೇಳವನ್ನು ಮತ್ತೆ ತೆರೆದರು. ಹಳೆಯ ಹೆಸರನ್ನು ಮಾರಿಕೊಂಡು ತಿನ್ನುವುದು ಸುಲಭವಿತ್ತು. ಅವರು ಆ ದಾರಿ ಹಿಡಿಯಲಿಲ್ಲ. 2004ರ ‘ಸ್ಟಾರ್ಟ್ ಫ್ರಮ್ ದಿ ಡಾರ್ಕ್’ನಲ್ಲಿ ಗಿಟಾರಿನ ಶ್ರುತಿಯನ್ನು ಇಳಿಸಿ, ನಾದವನ್ನು ಭಾರವಾಗಿಸಿ, ಕೀಬೋರ್ಡನ್ನು ಹಿಂದೆ ಕೂರಿಸಿದರು. ಹದಿನೆಂಟು ವರ್ಷದ ಹಿಂದೆ ನೋರುಮ್ ಬೇಡಿದುದು ಇದನ್ನೇ ಅಲ್ಲವೆ? ಆಮೇಲೂ ತಟ್ಟೆಗಳು ಒಂದಾದ ಮೇಲೊಂದು ಬಂದುವು. 2017ರ ‘ವಾಕ್ ದಿ ಅರ್ತ್’ ಅನ್ನು ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಮುದ್ರಿಸಿದರು. ನನ್ನನ್ನು ಕೇಳುವುದಾದರೆ, ಇವರ ಒಳ್ಳೆಯ ಹಾಡುಗಳನ್ನು ಹುಡುಕಬೇಕಾದುದು ಈ ಎರಡನೆಯ ಪ್ರಾಯದ ತಟ್ಟೆಗಳಲ್ಲಿ. ಮಾರಾಟದ ಲೆಕ್ಕ ಇದನ್ನು ಒಪ್ಪದು, ಇರಲಿ.

ಕಚೇರಿಯ ಆರಂಭಕ್ಕೆಂದು ಬರೆದ ಆ ಹಾಡು ಈಗ ಸಾಮಾನ್ಯವಾಗಿ ಮಂಗಳದ ಸ್ಥಾನದಲ್ಲಿ ಬರುತ್ತದೆ. ಅದನ್ನು ಕೇಳದೆ ಸಭೆ ಏಳುವುದಿಲ್ಲ. ಅಂದು ತನ್ನ ಮಾತನ್ನು ಗೆಳೆಯರು ಕೇಳದೆ ಹೋದುದೇ ಅದೃಷ್ಟವೆಂದು ನೋರುಮ್ ಆಮೇಲೆ ತಾನೇ ಒಪ್ಪಿಕೊಂಡಿದ್ದಾನೆ. ಮುಂದಿನ ಸಲ ಆ ಹಾಡು ನಿಮ್ಮ ಕಿವಿಗೆ ಬಿದ್ದಾಗ ಕಹಳೆ ಮುಗಿಯಿತೆಂದು ಮುಳ್ಳು ತಿರುಗಿಸಬೇಡಿ. ಸ್ವಲ್ಪ ತಡೆಯಿರಿ. ಹಾಡಿನ ಅರ್ಧ ಕಳೆದ ಮೇಲೆ ಗಿಟಾರೊಂದು ಒಂಟಿಯಾಗಿ ಮೇಲೆದ್ದು ಮಿಂಚಿನಂತೆ ಹರಿಯುತ್ತದೆ. ಅದು ನೋರುಮನದು, 1986ರ ತಟ್ಟೆಯಲ್ಲಿ ಅವನೇ ನುಡಿಸಿದ್ದು.